ಕಾಲು ಕೊಡುವ ಎಚ್ಚರಿಕೆ

ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಬೇಸಾಯ ಮಾಡುವ ಮಂಡ್ಯದ ಕಡೆಯ ರೈತರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ನಾಲೆಯಲ್ಲಿ ಎಲ್ಲಿಯೇ ಹೂಳು ತುಂಬಲಿ, ಎಲ್ಲಿಯೇ ಏರಿ ಕುಸಿಯಲಿ, ಅದರ ಫಲವನ್ನು ಮೊದಲು ಉಣ್ಣುವವನು ನಾಲೆಯ ಕೊನೆಯಲ್ಲಿ ಗದ್ದೆಯಿರುವವನು. ಮೇಲಿನ ಗದ್ದೆಗಳಲ್ಲಿ ಪೈರು ಹಸಿರಾಗಿಯೇ ನಿಂತಿರುವಾಗ ಕೊನೆಯ ಗದ್ದೆಯ ಪೈರು ಬಾಡತೊಡಗುತ್ತದೆ. ತಿಳಿದ ಇಂಜಿನಿಯರನು ಆ ಪೈರನ್ನು ನೋಡಿ ಗದ್ದೆಯೇ ಕೆಟ್ಟದ್ದೆಂದು ತೀರ್ಮಾನಿಸುವುದಿಲ್ಲ. ನಾಲೆಯ ಉದ್ದಕ್ಕೂ ನಡೆದು, ತಡೆ ಎಲ್ಲಿದೆಯೆಂದು ಹುಡುಕುತ್ತಾನೆ.

ನಮ್ಮ ದೇಹದಲ್ಲಿ ಈ ಕೊನೆಯ ಗದ್ದೆಯ ಸ್ಥಾನ ಪಾದಗಳದು. ಹೃದಯದಿಂದ ಅತ್ಯಂತ ದೂರದಲ್ಲಿರುವ ಅಂಗಗಳು ಅವು. ರಕ್ತನಾಳಗಳಲ್ಲಿ ತಡೆಯುಂಟಾದರೆ ಅದರ ಸುದ್ದಿ ಅನೇಕ ವೇಳೆ ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಆ ಸುದ್ದಿಯನ್ನು ನಾವು “ವಯಸ್ಸಾಯಿತು”, “ವಾಯುವಿನ ನೋವು”, “ನಡೆದ ಆಯಾಸ” ಎಂದು ಹೇಳಿ ತಳ್ಳಿಹಾಕುವುದೇ ಹೆಚ್ಚು. ಹೀಗೆ ತಳ್ಳಿಹಾಕುವುದರಿಂದ ಕೆಲವರು ಬೆರಳನ್ನೂ ಕೆಲವರು ಕಾಲನ್ನೂ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಪ್ರಾಣಕ್ಕೇ ಅಪಾಯವೊದಗುತ್ತದೆ. ಆದುದರಿಂದ ಪಾದದ ಭಾಷೆಯನ್ನು ಓದಲು ಕಲಿಯುವುದು ನಮಗೆಲ್ಲರಿಗೂ ಅಗತ್ಯ.

ರಕ್ತದ ದಾರಿ

ರಕ್ತವು ದೇಹದಲ್ಲಿ ಸುತ್ತುತ್ತಿರುತ್ತದೆ ಎಂಬ ಸತ್ಯವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯು ೧೬೨೮ರಲ್ಲಿ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಹೃದಯದಿಂದ ರಕ್ತವನ್ನು ಒಯ್ಯುವ ಅಪಧಮನಿಗಳಿಗೂ ಅದನ್ನು ಹಿಂದಕ್ಕೆ ತರುವ ಅಭಿಧಮನಿಗಳಿಗೂ ನಡುವೆ ಸೇತುವೆಯಂತಿರುವ ಲೋಮನಾಳಗಳನ್ನು ಅವನು ಕಾಣಲಿಲ್ಲ. ೧೬೬೧ರಲ್ಲಿ ಇಟಲಿಯ ಮಾಲ್ಪೀಘಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಮೂಲಕ ಅವುಗಳನ್ನು ಕಂಡನು.

ಕಾಲಿಗೆ ಹೋಗುವ ರಕ್ತದ ದಾರಿಯನ್ನು ಸ್ವಲ್ಪ ಹಿಂಬಾಲಿಸೋಣ. ಹೃದಯದಿಂದ ಹೊರಟ ಮಹಾಪಧಮನಿಯು ಎದೆಯನ್ನು ದಾಟಿ ಹೊಟ್ಟೆಯೊಳಗೆ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದೊಂದು ಕವಲೂ ತೊಡೆಸಂದಿನ ಮೂಲಕ ತೊಡೆಯನ್ನು ಸೇರಿ, ಮಂಡಿಯ ಹಿಂಬದಿಯ ಗುಳಿಯನ್ನು ಹಾದು, ಅದರ ಕೆಳಗೆ ಮೂರು ಕಿರುನಾಳಗಳಾಗಿ ಒಡೆದು ಪಾದವನ್ನು ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಿಯಾದರೂ ನಾಳದ ಒಳಗೋಡೆಯಲ್ಲಿ ಕೊಬ್ಬು, ಸುಣ್ಣ, ನಾರು ಇವು ಕೂಡಿಕೊಂಡು ಗಡುಸಾದ ಪದರ ಬೆಳೆದರೆ ದಾರಿ ಕಿರಿದಾಗುತ್ತದೆ. ಹೊಗೆಸೊಪ್ಪು, ಮಧುಮೇಹ, ರಕ್ತದ ಏರೊತ್ತಡ, ರಕ್ತದಲ್ಲಿ ಕೊಲೆಸ್ಟರಾಲಿನ ಹೆಚ್ಚಳ, ಇಳಿವಯಸ್ಸು ಇವು ಈ ಪದರಕ್ಕೆ ಮುಖ್ಯ ಕಾರಣಗಳು.

ನಾಳ ಸ್ವಲ್ಪ ಕಿರಿದಾದರೆ ರಕ್ತವೂ ಸ್ವಲ್ಪವೇ ಕಡಿಮೆಯಾದೀತು ಎಂದು ನಾವು ಭಾವಿಸಬಹುದು. ಹಾಗಲ್ಲ. ಫ್ರಾನ್ಸಿನ ಪ್ವಾಜೆಯ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದಲ್ಲಿ ಕಿರಿದಾದ ಗಾಜಿನ ನಳಿಕೆಗಳಲ್ಲಿ ದ್ರವಗಳನ್ನು ಹರಿಸಿ ಒಂದು ನಿಯಮವನ್ನು ಕಂಡುಹಿಡಿದನು: ಒತ್ತಡ ಮೊದಲಾದುವು ಬದಲಾಗದಿದ್ದರೆ, ಹರಿಯುವ ದ್ರವದ ಪ್ರಮಾಣವು ನಳಿಕೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ನಳಿಕೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಜೀವಂತ ನಾಳವು ಗಾಜಿನ ನಳಿಕೆಯಷ್ಟು ಸರಳವಲ್ಲವಾದರೂ, ಸಣ್ಣ ಇಕ್ಕಟ್ಟು ದೊಡ್ಡ ಕೊರತೆಗೆ ಕಾರಣವಾಗುವುದೇಕೆಂಬುದು ಇದರಿಂದ ತಿಳಿಯುತ್ತದೆ.

ನಡೆದರೆ ನೋವು, ನಿಂತರೆ ಶಮನ

ಇಷ್ಟು ಕೊರತೆಯಿದ್ದರೂ ಸುಮ್ಮನೆ ಕುಳಿತವನಿಗೆ ಅನೇಕ ವರ್ಷ ಏನೂ ತಿಳಿಯದೆ ಇರಬಹುದು. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ಬೇಕಾಗುವ ರಕ್ತ ಅಲ್ಪ. ಮುಖ್ಯನಾಳ ಕಿರಿದಾದಾಗ ಅದರ ಮುಂದಿನ ಕಿರುನಾಳಗಳು ಹಿಗ್ಗಿ, ಅಕ್ಕಪಕ್ಕದ ಸಣ್ಣ ನಾಳಗಳು ಒಳದಾರಿಗಳಾಗಿ, ಹೇಗೋ ಕೆಲಸ ಸಾಗುತ್ತದೆ. ಆದರೆ ನಡೆಯತೊಡಗಿದೊಡನೆ ಮೀನಖಂಡದ ಸ್ನಾಯುಗಳು ಹತ್ತು ಮಡಿಗೂ ಮೀರಿ ರಕ್ತವನ್ನು ಬೇಡಬಹುದು. ಆ ಬೇಡಿಕೆಯನ್ನು ಇಕ್ಕಟ್ಟಾದ ನಾಳ ಪೂರೈಸಲಾರದು. ಆಮ್ಲಜನಕ ಸಾಲದ ಸ್ನಾಯು ನೋಯುತ್ತದೆ. ನಡೆಯುವವನು ನಿಲ್ಲುತ್ತಾನೆ, ಕೆಲವು ನಿಮಿಷಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಮತ್ತೆ ಹೊರಟರೆ ಸುಮಾರು ಅಷ್ಟೇ ದೂರದಲ್ಲಿ ಮತ್ತೆ ಅದೇ ನೋವು.

ಈ ವಿಚಿತ್ರ ಲಕ್ಷಣವನ್ನು ಮೊದಲು ವರ್ಣಿಸಿದವನು ಮನುಷ್ಯರ ವೈದ್ಯನಲ್ಲ! ೧೮೩೧ರಲ್ಲಿ ಫ್ರಾನ್ಸಿನ ಬೂಲೆ ಎಂಬ ಪಶುವೈದ್ಯನು, ಸ್ವಲ್ಪ ದೂರ ಓಡಿ ಕುಂಟತೊಡಗಿ, ನಿಂತೊಡನೆ ಸರಿಹೋಗುತ್ತಿದ್ದ ಕುದುರೆಯೊಂದರ ಕಾಲಿಗೆ ಹೋಗುವ ಅಪಧಮನಿ ಮುಚ್ಚಿಹೋಗಿದ್ದುದನ್ನು ಕಂಡನು. ೧೮೫೮ರಲ್ಲಿ ಪ್ಯಾರಿಸಿನ ಪ್ರಸಿದ್ಧ ವೈದ್ಯ ಶಾರ್ಕೋ ಮನುಷ್ಯನಲ್ಲಿಯೂ ಇದೇ ಬಗೆಯ ಕುಂಟನ್ನು ವರ್ಣಿಸಿದನು. ಇದಕ್ಕೆ ವೈದ್ಯರು ಇಟ್ಟಿರುವ ‘ಕ್ಲಾಡಿಕೇಶನ್’ ಎಂಬ ಹೆಸರು ಕುಂಟುವುದು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಜರ್ಮನರು ಇದನ್ನು ‘ಅಂಗಡಿಯ ಗಾಜಿನ ಕಿಟಕಿಯ ರೋಗ’ ಎಂದೂ ಕರೆಯುವುದುಂಟು. ನೋವಿನಿಂದ ನಿಂತವನು ಸಂಕೋಚಪಟ್ಟು, ಅಂಗಡಿಯ ಸಾಮಾನುಗಳನ್ನು ನೋಡುವವನಂತೆ ನಟಿಸುತ್ತಾನಲ್ಲವೆ? ಅದರಿಂದ ಬಂದ ಹೆಸರು ಅದು.

ನಮ್ಮ ಮನೆಗಳ ಹಿರಿಯರೂ ಹೀಗೆಯೇ ಮಾಡುವುದುಂಟು. ದಿನವೂ ಕೆರೆಯ ಏರಿಯವರೆಗೆ ಹೋಗುತ್ತಿದ್ದ ಅಜ್ಜ ಈಚೆಗೆ ದೇವಸ್ಥಾನದ ಕಟ್ಟೆಯಲ್ಲಿಯೇ ಕುಳಿತುಬಿಡುತ್ತಾರೆ. ಕೇಳಿದರೆ “ಸ್ನೇಹಿತರು ಸಿಕ್ಕಿದರು” ಎನ್ನುತ್ತಾರೆ. ನಡೆಯುವ ದೂರ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ಅದನ್ನು ಗಮನಿಸಬೇಕಾದವರು ಮನೆಯ ಕಿರಿಯರು.

ಕಾಲುನೋವೆಲ್ಲ ರಕ್ತದ ಕೊರತೆಯದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮಂಡಿಯ ಸವೆತದ ನೋವು ಮೊದಲ ಹೆಜ್ಜೆಯಿಂದಲೇ ತೊಡಗುವುದುಂಟು. ಬೆನ್ನುಮೂಳೆಯೊಳಗೆ ನರಗಳು ಅದುಮಲ್ಪಟ್ಟು ಬರುವ ನೋವು ಬರಿದೆ ನಿಂತರೆ ಇಳಿಯದು; ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ರಕ್ತದ ಕೊರತೆಯ ನೋವಿಗಾದರೋ ನಿಲ್ಲುವುದೊಂದೇ ಸಾಕು.

ರಾತ್ರಿಯ ನೋವಿನ ಅರ್ಥ

೧೯೫೪ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಫೋಂಟೇನ್ ಈ ರೋಗವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದನು. ಮೊದಲನೆಯದರಲ್ಲಿ ನಾಳ ಕಿರಿದಾಗಿದ್ದರೂ ಲಕ್ಷಣವಿಲ್ಲ. ಎರಡನೆಯದು ನಾವು ಈಗ ಹೇಳಿದ ನಡಿಗೆಯ ನೋವು. ಮೂರನೆಯದರಲ್ಲಿ ಮಲಗಿದ್ದಾಗಲೂ ನೋವು. ನಾಲ್ಕನೆಯದರಲ್ಲಿ ಹುಣ್ಣು, ಬೆರಳು ಕಪ್ಪಾಗಿ ಸಾಯುವಿಕೆ.

ಮೂರನೆಯ ಮೆಟ್ಟಿಲಿನ ನೋವು ಬೆರಳು ಮತ್ತು ಮುಂಗಾಲಿನಲ್ಲಿ ರಾತ್ರಿಯ ಹೊತ್ತು ಹೆಚ್ಚು. ರೋಗಿಯು ನಿದ್ದೆಯಿಂದೆದ್ದು, ಕಾಲನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟು ಕುಳಿತರೆ ಹಾಯೆನಿಸುತ್ತದೆ. ಕೆಲವರು ಕುರ್ಚಿಯಲ್ಲಿಯೇ ರಾತ್ರಿ ಕಳೆಯುತ್ತಾರೆ. ಇದಕ್ಕೆ ಕಾರಣ ಗುರುತ್ವಾಕರ್ಷಣ. ನಿಂತಿರುವ ಮನುಷ್ಯನಲ್ಲಿ ಹೃದಯದಿಂದ ಪಾದದವರೆಗಿನ ರಕ್ತದ ಕಂಬವೊಂದೇ ಪಾದದಲ್ಲಿ ಪಾದರಸದ ಸುಮಾರು ೯೦ ಮಿಲಿಮೀಟರಿನಷ್ಟು ಹೆಚ್ಚಿನ ಒತ್ತಡವನ್ನು ಉಂಟುಮಾಡುತ್ತದೆ. ಆರೋಗ್ಯವಂತನಿಗೆ ಮಲಗಿದಾಗ ಈ ನೆರವು ಬೇಕಾಗಿಲ್ಲ. ಇಕ್ಕಟ್ಟಾದ ನಾಳದವನಿಗೆ ಮಲಗಿದೊಡನೆ ಆ ನೆರವು ತಪ್ಪಿಹೋಗುತ್ತದೆ. ಕಾಲು ಇಳಿಬಿಟ್ಟರೆ ಸುಖ, ಮೇಲೆತ್ತಿದರೆ ನೋವು ಎನ್ನುವವರನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕಣ್ಣಿಗೂ ಕೈಗೂ ಸಿಗುವ ಕುರುಹುಗಳು

ಪಾದವನ್ನು ನೋಡಿಯೂ ಮುಟ್ಟಿಯೂ ತಿಳಿಯಬಹುದಾದ ಸಂಗತಿಗಳು ಹಲವಿವೆ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿರುವುದು. ಬೆರಳುಗಳ ಮೇಲಿನ ಕೂದಲು ಉದುರಿ ಚರ್ಮ ತೆಳುವಾಗಿ ಹೊಳೆಯುವುದು. ಉಗುರು ದಪ್ಪವಾಗಿ ನಿಧಾನವಾಗಿ ಬೆಳೆಯುವುದು. ಸಣ್ಣ ಗಾಯ ಎರಡು ವಾರ ಕಳೆದರೂ ಮಾಯದಿರುವುದು. ಮಲಗಿಸಿ ಕಾಲನ್ನು ಮೇಲೆತ್ತಿದರೆ ಅಂಗಾಲು ಬಿಳಿಚಿಕೊಂಡು, ಇಳಿಬಿಟ್ಟೊಡನೆ ಮಂಕಾದ ಕೆಂಪು ಬಣ್ಣಕ್ಕೆ ತಿರುಗುವುದೂ ಒಂದು ಕುರುಹು. ಪಾಶ್ಚಾತ್ಯ ಪುಸ್ತಕಗಳಲ್ಲಿ ವರ್ಣಿಸುವ ಈ ಬಣ್ಣಗಳು ನಮ್ಮ ಕಂದು ಚರ್ಮದಲ್ಲಿ ಸುಲಭವಾಗಿ ತೋರವು. ಆದುದರಿಂದ ಅಂಗಾಲನ್ನೂ ಉಗುರಿನ ತಳವನ್ನೂ ಬೆಳಕಿನಲ್ಲಿ ನೋಡಬೇಕು.

ಚಳಿಗಾಲದ ಬೆಳಗ್ಗೆ ಎರಡು ಪಾದಗಳೂ ಸಮನಾಗಿ ತಣ್ಣಗಿರುವುದು ಆರೋಗ್ಯವಂತರಲ್ಲಿ ಸಹಜವಾದುದು. ದೇಹದ ಬಿಸಿಯನ್ನು ಉಳಿಸಲು ಚರ್ಮದ ನಾಳಗಳು ಕುಗ್ಗುತ್ತವೆ, ಅಷ್ಟೆ. ಹಾಗೆಯೇ ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತಾಗ ಕಾಲು ಜೋಮು ಹಿಡಿಯುವುದಕ್ಕೂ ಬಹುಮಟ್ಟಿಗೆ ನರದ ಮೇಲಿನ ಒತ್ತಡವೇ ಕಾರಣ; ಎದ್ದು ನಿಂತೊಡನೆ ಅದು ಹೋಗುತ್ತದೆ. ಇವುಗಳಿಗೆ ಅಂಜಬೇಕಾಗಿಲ್ಲ.

ಪಾದದಲ್ಲಿಯೂ ನಾಡಿಯಿದೆ. ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಪಾದದ ಮೇಲೆ ಹುರಿಯಂತೆ ಎದ್ದುಕಾಣುವ ಸ್ನಾಯುರಜ್ಜುವಿನ ಹೊರಬದಿಯಲ್ಲಿ, ಪಾದದ ನಟ್ಟನಡುವೆ, ಬೆರಳ ತುದಿಗಳನ್ನು ಮೆಲ್ಲಗೆ ಇಟ್ಟರೆ ಅದರ ಮಿಡಿತ ಸಿಗುತ್ತದೆ. ಪಾದದ ಒಳಬದಿಯಲ್ಲಿ ಉಬ್ಬಿರುವ ಹರಡಿನ ಮೂಳೆಯ ಹಿಂದೆ ಇನ್ನೊಂದುಂಟು. ವಿದ್ಯಾರ್ಥಿಗಳು ತಮ್ಮ ಕಾಲಿನಲ್ಲಿಯೇ ಇದನ್ನು ಹುಡುಕಿ ನೋಡಬಹುದು. ಮೊದಲನೆಯ ನಾಡಿ ಕೆಲವು ಆರೋಗ್ಯವಂತರಲ್ಲಿ ಹುಟ್ಟಿನಿಂದಲೇ ಸಿಗದಿರುವುದೂ ಉಂಟಾದ್ದರಿಂದ, ಅದೊಂದು ಸಿಗಲಿಲ್ಲವೆಂದು ಗಾಬರಿಯಾಗಬಾರದು.

ವೈದ್ಯರು ಇನ್ನೂ ಖಚಿತವಾದ ಅಳತೆಯೊಂದನ್ನು ಮಾಡುತ್ತಾರೆ. ತೋಳಿನಲ್ಲಿಯೂ ಕಾಲಿನ ಹರಡಿನಲ್ಲಿಯೂ ರಕ್ತದ ಒತ್ತಡವನ್ನು ಅಳೆದು, ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಭಾಗಲಬ್ಧ ೧ಕ್ಕೆ ಸಮನಾಗಿರುವುದು ಅಥವಾ ಸ್ವಲ್ಪ ಹೆಚ್ಚಿರುವುದು ಸಹಜ. ೦.೯ಕ್ಕೆ ಇಳಿದರೆ ನಾಳದಲ್ಲಿ ತಡೆಯುಂಟೆಂದು ತಿಳಿಯುತ್ತಾರೆ. ತೋಳಿನಲ್ಲಿ ೧೩೦ ಇದ್ದು ಹರಡಿನಲ್ಲಿ ೭೮ ಮಾತ್ರ ಇದ್ದರೆ ಭಾಗಲಬ್ಧ ೦.೬, ಆ ಕಾಲಿನ ರಕ್ತಸಂಚಾರ ಚೆನ್ನಾಗಿಲ್ಲವೆಂಬುದು ಸ್ಪಷ್ಟ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಕೆಲವೇ ನಿಮಿಷಗಳ ಪರೀಕ್ಷೆ. ಮಧುಮೇಹದವರಲ್ಲಿ ಮಾತ್ರ ನಾಳದ ಗೋಡೆ ಸುಣ್ಣಗಟ್ಟಿ ಗಡುಸಾಗಿ, ಅಂಕಿ ಹುಸಿಯಾಗಿ ಹೆಚ್ಚಿ ತೋರಬಹುದಾದ್ದರಿಂದ ಬೆರಳಿನ ಒತ್ತಡವನ್ನೂ ಅಳೆಯಬೇಕಾಗುತ್ತದೆ.

ಮೌನವಾದ ಪಾದ

ಇದುವರೆಗೆ ನಾವು ಹೇಳಿದ್ದು ದೂರು ಹೇಳುವ ಪಾದದ ಮಾತು. ಅದಕ್ಕಿಂತ ಅಪಾಯಕರವಾದುದು ದೂರನ್ನೇ ಹೇಳದ ಪಾದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ನಮ್ಮ ದೇಶದಲ್ಲಿ ಮಧುಮೇಹವುಳ್ಳವರು ೧೦ ಕೋಟಿಗೂ ಹೆಚ್ಚೆಂದು ಅಂದಾಜು ಮಾಡಿತು. ಬಹುಕಾಲ ಹತೋಟಿಯಲ್ಲಿರದ ಮಧುಮೇಹವು ರಕ್ತನಾಳಗಳನ್ನು ಕೆಡಿಸುವುದಲ್ಲದೆ ಪಾದದ ನರಗಳನ್ನೂ ಕೆಡಿಸುತ್ತದೆ. ಆಗ ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ತಿಳಿಯದು. ಬೇಸಿಗೆಯ ನಡುಹಗಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿ, ಅಂಗಾಲು ಸುಟ್ಟು ಬೊಬ್ಬೆಯೆದ್ದರೂ ಮನೆಗೆ ಬಂದ ಮೇಲೆ ಕಣ್ಣಿಗೆ ಬಿದ್ದಾಗಲೇ ಗೊತ್ತಾಗುವುದುಂಟು. ಗಾಯವಾದುದು ತಿಳಿಯದು, ತಿಳಿದಾಗ ಅದು ಮಾಯಲು ಬೇಕಾದ ರಕ್ತ ಬಾರದು, ಅಷ್ಟರಲ್ಲಿ ಕೀವು ಮೂಳೆಯವರೆಗೆ ಇಳಿದಿರುತ್ತದೆ.

ಈ ರೋಗಿಗಳಿಗೆ ನಡಿಗೆಯ ನೋವೂ ತೋರದಿರಬಹುದು. ಅಂದರೆ ಫೋಂಟೇನನ ಎರಡನೆಯ, ಮೂರನೆಯ ಮೆಟ್ಟಿಲುಗಳು ಅರಿವಿಗೆ ಬಾರದೆಯೇ ನೇರವಾಗಿ ನಾಲ್ಕನೆಯದು ಕಾಣಿಸಿಕೊಳ್ಳಬಹುದು. ಆದಕಾರಣ ಮಧುಮೇಹವಿರುವವರು “ನನಗೆ ನೋವಿಲ್ಲ” ಎಂದು ಸಮಾಧಾನಪಡಬಾರದು. ದಿನಕ್ಕೊಮ್ಮೆ ಅಂಗಾಲನ್ನೂ ಬೆರಳುಗಳ ಸಂದುಗಳನ್ನೂ ನೋಡಿಕೊಳ್ಳಬೇಕು. ಬಗ್ಗಿ ನೋಡಲಾಗದ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳು ನೋಡಿಕೊಡಬಹುದು. ತಣ್ಣಗಾದ ಪಾದವನ್ನು ಬಿಸಿನೀರಿನಲ್ಲಿ ಇಡುವುದು, ಕೆಂಡದ ಬಳಿ ಕಾಯಿಸುವುದು, ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದು ಇವು ಕೂಡದು.

ಹಿಂದಿರುಗುವ ದಾರಿ ಕೆಟ್ಟಾಗ

ರಕ್ತ ಕೆಳಕ್ಕೆ ಬರುವ ದಾರಿಯಂತೆ ಮೇಲಕ್ಕೆ ಹಿಂದಿರುಗುವ ದಾರಿಯೂ ಕೆಡುತ್ತದೆ. ಅಭಿಧಮನಿಗಳಲ್ಲಿ ರಕ್ತವನ್ನು ಕೆಳಕ್ಕೆ ಬಿಡದ ಕವಾಟಗಳಿವೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡುವುದರಿಂದ ರಕ್ತ ಮೇಲಕ್ಕೇರುತ್ತದೆ. ಕವಾಟ ಕೆಟ್ಟರೆ ನಾಳಗಳು ಗಂಟುಗಂಟಾಗಿ ಉಬ್ಬುತ್ತವೆ. ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಹರಡಿನ ಒಳಬದಿಯ ಚರ್ಮ ಕಪ್ಪಾಗಿ ಹುಣ್ಣಾಗುತ್ತದೆ. ಇಂಥವರಿಗೆ ಕಾಲನ್ನು ಮೇಲಕ್ಕೆತ್ತಿದರೆ ಸುಖ. ಅಪಧಮನಿಯ ರೋಗಕ್ಕೆ ಇದು ತೀರ ವಿರುದ್ಧ. ಇವರಿಗೆ ಹಿತವಾದ ಬಿಗಿ ಕಾಲುಚೀಲವು ಅಪಧಮನಿ ಕಿರಿದಾದವರಿಗೆ ಅಪಾಯ ತರಬಹುದಾದ್ದರಿಂದ, ಪರೀಕ್ಷೆಯಿಲ್ಲದೆ ಅದನ್ನು ಧರಿಸಬಾರದು.

ಎರಡು ಸಂದರ್ಭಗಳಲ್ಲಿ ಒಂದು ದಿನವೂ ಕಾಯುವಂತಿಲ್ಲ. ಒಂದು ಕಾಲು ಮಾತ್ರ ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗಬಹುದು. ಇನ್ನು, ಕಾಲು ಇದ್ದಕ್ಕಿದ್ದಂತೆ ವಿಪರೀತ ನೋಯತೊಡಗಿ, ಬಿಳಿಚಿ, ತಣ್ಣಗಾಗಿ, ಸ್ಪರ್ಶ ತಿಳಿಯದಾಗಿ, ಬೆರಳು ಅಲುಗಿಸಲಾರದೆ ಹೋದರೆ ಅಪಧಮನಿ ಪೂರ್ತಿಯಾಗಿ ಮುಚ್ಚಿರುತ್ತದೆ. ಆಗ ಕಾಲನ್ನು ಉಳಿಸಲು ದೊರೆಯುವುದು ಕೆಲವೇ ಗಂಟೆಗಳು. ಆಸ್ಪತ್ರೆಗೆ ಒಡನೆಯೇ ಧಾವಿಸಬೇಕು.

ತರುಣರಿಗೊಂದು ಮಾತು

ಇದೆಲ್ಲ ಮುದುಕರ ವಿಷಯ, ನಮಗೇಕೆ ಎಂದು ಕಾಲೇಜಿನ ವಿದ್ಯಾರ್ಥಿಗಳು ಕೇಳಬಹುದು. ೧೯೦೮ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೊ ಬರ್ಗರ್ ವಿವರವಾಗಿ ವರ್ಣಿಸಿದ ರೋಗವೊಂದುಂಟು. ಅದು ಬಹುಮಟ್ಟಿಗೆ ಹೊಗೆಸೊಪ್ಪು ಸೇವಿಸುವ ತರುಣರನ್ನು, ಐವತ್ತು ತುಂಬುವ ಮೊದಲೇ ಹಿಡಿಯುತ್ತದೆ. ಕೈಕಾಲುಗಳ ಸಣ್ಣ ನಾಳಗಳು ಉರಿಯೂತದಿಂದ ಊದಿ, ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ಬೆರಳುಗಳು ಒಂದೊಂದಾಗಿ ಕಪ್ಪಾಗುತ್ತವೆ. ಯೂರೋಪು, ಅಮೆರಿಕಗಳಿಗಿಂತ ನಮ್ಮ ದೇಶದಲ್ಲಿ ಇದು ಹೆಚ್ಚು. ಬೀಡಿ ಸೇದುವವರಲ್ಲಿ ಇದನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಹೊಗೆಸೊಪ್ಪನ್ನು ಪೂರ್ತಿಯಾಗಿ ಬಿಟ್ಟವರಲ್ಲಿ ಅಂಗಚ್ಛೇದನದ ಪ್ರಸಂಗ ಬಹು ವಿರಳ. ದಿನಕ್ಕೊಂದೆರಡು ಮಾತ್ರ ಎಂದು ಉಳಿಸಿಕೊಂಡವರಲ್ಲಿ ರೋಗ ಮುಂದುವರಿಯುತ್ತದೆ. ಇದಕ್ಕಿಂತ ಸ್ಪಷ್ಟವಾದ ಲೆಕ್ಕ ವೈದ್ಯಶಾಸ್ತ್ರದಲ್ಲಿ ಅಪರೂಪ.

ಕಾಲಿನಿಂದ ಹೃದಯಕ್ಕೆ

ಕಾಲಿನ ನಾಳಗಳನ್ನು ಇಕ್ಕಟ್ಟಾಗಿಸಿದ ಪದರ ಅಲ್ಲಿಯೇ ನಿಲ್ಲುವುದಿಲ್ಲ. ಹೃದಯದ ಮತ್ತು ಮಿದುಳಿನ ನಾಳಗಳಲ್ಲಿಯೂ ಅದೇ ಪದರ ಬೆಳೆಯುತ್ತಿರುವುದು ಸಾಮಾನ್ಯ. ನಡಿಗೆಯ ನೋವುಳ್ಳವರಲ್ಲಿ ಕಾಲನ್ನು ಕಳೆದುಕೊಳ್ಳುವವರಿಗಿಂತ ಹೃದಯಾಘಾತಕ್ಕೋ ಲಕ್ವಕ್ಕೋ ತುತ್ತಾಗುವವರು ಹೆಚ್ಚು. ಆದುದರಿಂದ ಕಾಲಿನ ದೂರು ಇಡೀ ದೇಹದ ಪರವಾಗಿ ಸಲ್ಲಿಸಿದ ದೂರು ಎಂದು ತಿಳಿಯಬೇಕು.

ಚಿಕಿತ್ಸೆಯ ಇತಿಹಾಸದಲ್ಲಿಯೂ ಕಾಲೇ ಹೃದಯಕ್ಕೆ ದಾರಿ ತೋರಿಸಿತು. ೧೯೬೪ರ ಜನವರಿ ೧೬ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯನ ಮುಂದೆ ೮೨ ವರ್ಷದ ವೃದ್ಧೆಯೊಬ್ಬಳಿದ್ದಳು. ಅವಳ ಕಾಲ್ಬೆರಳುಗಳು ಕಪ್ಪಾಗಿದ್ದುವು. ಕಾಲು ಕತ್ತರಿಸಲು ಅವಳು ಒಪ್ಪಿರಲಿಲ್ಲ. ಡಾಟರನು ತೊಡೆಯ ಅಪಧಮನಿಯೊಳಗೆ ತೆಳುವಾದ ತಂತಿಯೊಂದನ್ನು ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ ನಳಿಕೆಗಳನ್ನು ಸರಿಸಿ, ಇಕ್ಕಟ್ಟಾಗಿದ್ದ ಭಾಗವನ್ನು ಅಗಲಿಸಿದನು. ತಣ್ಣಗಿದ್ದ ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು. ಅವಳು ಎರಡು ವರ್ಷಗಳಿಗೂ ಹೆಚ್ಚು ಕಾಲ ತನ್ನ ಎರಡೂ ಕಾಲುಗಳ ಮೇಲೆಯೇ ನಡೆದಾಡಿ, ಬಳಿಕ ಬೇರೆ ಕಾಯಿಲೆಯಿಂದ ತೀರಿಕೊಂಡಳು. ಈ ವಿಧಾನವನ್ನು ಸುಧಾರಿಸಿ, ನಳಿಕೆಯ ತುದಿಗೆ ಪುಟ್ಟ ಬಲೂನನ್ನು ಕಟ್ಟಿದ ಆಂಡ್ರಿಯಾಸ್ ಗ್ರುಂಟ್ಸಿಗ್ ೧೯೭೪ರಲ್ಲಿ ಅದನ್ನು ಮೊದಲು ಕಾಲಿನ ನಾಳದಲ್ಲಿಯೂ, ೧೯೭೭ರಲ್ಲಿ ಜ಼ೂರಿಕ್ ನಗರದಲ್ಲಿ ಹೃದಯದ ನಾಳದಲ್ಲಿಯೂ ಉಪಯೋಗಿಸಿದನು. ಇಂದು ಊರೂರಿನ ಆಸ್ಪತ್ರೆಗಳಲ್ಲಿ ನಡೆಯುವ ಹೃದಯದ ಬಲೂನು ಚಿಕಿತ್ಸೆಯ ಮೂಲ ಆ ವೃದ್ಧೆಯ ಕಾಲಿನಲ್ಲಿದೆ.

ಆದರೆ ನಡಿಗೆಯ ನೋವುಳ್ಳ ಎಲ್ಲರಿಗೂ ಬಲೂನು ಬೇಕಾಗುವುದಿಲ್ಲ. ಬಹು ಮಂದಿಗೆ ಮೊದಲ ಔಷಧ ನಡಿಗೆಯೇ! ೧೯೬೬ರಲ್ಲಿ ಡೆನ್ಮಾರ್ಕಿನ ಲಾರ್ಸನ್ ಮತ್ತು ಲಾಸನ್ ಎಂಬವರು, ದಿನವೂ ಕ್ರಮವಾಗಿ ನಡೆಯುವ ವ್ಯಾಯಾಮದಿಂದ ಇಂಥ ರೋಗಿಗಳು ನಡೆಯಬಲ್ಲ ದೂರ ಹೆಚ್ಚುವುದೆಂದು ತೋರಿಸಿದರು. ವೈದ್ಯರ ಸಲಹೆಯಂತೆ, ನೋವು ಬಲವಾಗುವವರೆಗೆ ನಡೆದು, ನಿಂತು, ನೋವು ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ ಒಂದೊಂದು ಸಲವೂ ಅರ್ಧದಿಂದ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು ಬಿಡದೆ ಮಾಡಬೇಕು. ಜೊತೆಗೆ ಹೊಗೆಸೊಪ್ಪನ್ನು ಬಿಡುವುದು. ರಕ್ತದ ಸಕ್ಕರೆ, ಒತ್ತಡ, ಕೊಲೆಸ್ಟರಾಲುಗಳನ್ನು ಹತೋಟಿಯಲ್ಲಿಡುವುದು. ವೈದ್ಯರು ಕೊಟ್ಟ ಗುಳಿಗೆಗಳನ್ನು ತಪ್ಪದೆ ಸೇವಿಸುವುದು. ಹುಣ್ಣು ಅಥವಾ ರಾತ್ರಿಯ ನೋವು ಇರುವವರು ಮಾತ್ರ ಈ ನಡಿಗೆಯನ್ನು ತಾವಾಗಿಯೇ ಆರಂಭಿಸದೆ ಮೊದಲು ಆಸ್ಪತ್ರೆಗೆ ಹೋಗಬೇಕು.

ನಾವು ದಿನವೂ ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುತ್ತೇವೆ. ಪಾದವನ್ನು ನೋಡುವುದು ಮುಳ್ಳು ಚುಚ್ಚಿದಾಗ ಮಾತ್ರ. ವಾರಕ್ಕೊಮ್ಮೆಯಾದರೂ ಮನೆಯ ಹಿರಿಯರ ಪಾದಗಳನ್ನು ಬೆಳಕಿನಲ್ಲಿ ನೋಡಿ, ಮುಟ್ಟಿ, ಎರಡನ್ನೂ ಹೋಲಿಸಿ, “ಈಗ ಎಷ್ಟು ದೂರ ನಡೆಯುತ್ತೀರಿ?” ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಇನ್ನು ಮುಂದೆ ಹಾಗೆ ಮುಟ್ಟಿದಾಗ, ಆ ಪಾದ ಬೆಚ್ಚಗಿದೆಯೇ ತಣ್ಣಗಿದೆಯೇ ಎಂಬುದನ್ನೂ ಗಮನಿಸೋಣ.